ನರ್ಸಬಾಯಿ ಕೊಟ್ಟ ಕಾಲು ಗುಳಿಗಿ

ಗಂಗಾವತಿ ಹತ್ತಿರದ ಮರಳಿ ಎಂಬ ಹಳ್ಳಿಯಲ್ಲಿ ರಾಜಾಬೀಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಆಕೆ ನರ್ಸಬಾಯಿ. ಮೂವತ್ತು ವರ್ಷ ಊರೂರು ಅಲೆದು ಹೆರಿಗೆ ಮಾಡಿಸಿ, 1981ರಲ್ಲಿ ನಿವೃತ್ತಳಾಗಿ ಊರಿಗೆ ಮರಳಿದ್ದಳು. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬೆಳಗಾದರೆ ಮನೆಮುಂದಿನ ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿರುತ್ತಿದ್ದರು. ಜ್ವರ, ಕೆಮ್ಮು, ಕೂಸಿನ ಭೇದಿ. ತಿಳಿದಷ್ಟು ಹೇಳುವಳು, ತಿಳಿಯದಿದ್ದರೆ ಗಂಗಾವತಿಯ ಆಸ್ಪತ್ರೆಗೆ ಕಳಿಸುವಳು.

ಎರಡು ಮನೆ ಆಚೆ ಕರಿಬಸಪ್ಪನ ಮನೆ. ಕಾಲುವೆಯ ತೂಬು ತೆಗೆದು ಮುಚ್ಚುವ ಲಸ್ಕರ್ ಆಗಿ ದುಡಿದು ಅವನೂ ನಿವೃತ್ತನಾಗಿದ್ದ. ಹೆಂಡತಿ ಮುದುಕಮ್ಮನ ಕಡೆಯ ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿತ್ತು. ರಜೆಗೆ ಬಂದಿದ್ದ ರಾಜಾಬೀ ತಾಯಿ ಮಗು ಇಬ್ಬರನ್ನೂ ಉಳಿಸಿದ್ದಳು. ಅಂದಿನಿಂದ ಆ ಮನೆಯಲ್ಲಿ ಆಕೆಯ ಮಾತಿಗೆ ಎದುರು ಮಾತಿರಲಿಲ್ಲ.

1984ರ ಸುಗ್ಗಿಯಲ್ಲಿ ಕರಿಬಸಪ್ಪನ ತಮ್ಮ ಕೊಟ್ರಪ್ಪ ಭತ್ತದ ರಾಶಿಯ ಪಕ್ಕ ಎದೆ ಹಿಡಿದುಕೊಂಡು ಕುಸಿದವನು ಮೇಲೇಳಲಿಲ್ಲ. ಅವನಿಗಿನ್ನೂ ಐವತ್ತೆಂಟು. ಐದು ವರ್ಷ ದೊಡ್ಡವನಾದ ಕರಿಬಸಪ್ಪನಿಗೆ ಆಮೇಲೆ ತನ್ನ ಎದೆಯದೇ ಧ್ಯಾನವಾಯಿತು. ಉಂಡ ಮೇಲೆ ಎದೆ ಮುಟ್ಟಿ ನೋಡಿಕೊಳ್ಳುವನು, ನಾಲ್ಕು ಹೆಜ್ಜೆ ನಡೆದರೆ ನಿಲ್ಲುವನು. ಒಂದು ದಿನ ರಾಜಾಬೀಯ ಕಟ್ಟೆಗೆ ಬಂದು ಕೂತ.

"ಹೊಸಪ್ಯಾಟ್ಯಾಗಿರೋ ನಿಮ್ಮ ಅಣ್ಣಗ ದಿನಾ ಒಂದು ಗುಳಿಗಿ ಕೊಟ್ಟಾರ ಅಂತಲ್ಲವಾ, ರಕ್ತ ಹೆಪ್ಪುಗಟ್ಟದಂಗ. ಅದನ್ನ ನನಗೂ ಕೊಡು."

ರಾಜಾಬೀಯ ಅಣ್ಣ ಅಬ್ದುಲಸಾಬನಿಗೆ ಎರಡು ವರ್ಷದ ಹಿಂದೆ ಹೃದಯಾಘಾತ ಆಗಿತ್ತು. ಬಳ್ಳಾರಿಯ ಡಾಕ್ಟರು ಆಸ್ಪಿರಿನ್ ಗುಳಿಗೆಯನ್ನು ನಾಲ್ಕು ಪಾಲು ಮಾಡಿ, ಊಟವಾದ ಮೇಲೆ ಒಂದು ಪಾಲು ತಿನ್ನಲು ಹೇಳಿದ್ದರು. ಸೈಕಲ್ ಹೊಡೆಯುವಷ್ಟು ಚೇತರಿಸಿಕೊಂಡಿದ್ದ.

"ಅವನ ಮಾತು ಬ್ಯಾರೆ ಅಣ್ಣಾ. ನೀ ಡಾಕ್ಟರಿಗೆ ತೋರ್ಸು," ಎಂದಳು ರಾಜಾಬೀ.

"ತೋರ್ಸಿದ್ರ ಏನರ ಐತಿ ಅಂತಾರ. ಐತಿ ಅಂದ್ರ ಅವತ್ತ ಸಾಯ್ತೀನಿ ನಾ."

ಮೂರು ಸಲ ಬಂದ. ಮೂರನೆಯ ಸಲ ಮುದುಕಮ್ಮನೂ ಬಂದಳು. "ಉಣ್ಣಾಕ ಒಲ್ಲ, ಮಲಗಾಕ ಒಲ್ಲ. ಕೊಟ್ಟುಬಿಡವಾ, ಧೈರ್ಯ ಆದ್ರೂ ಬರತೈತಿ." ತಲೆನೋವಿಗೆ ಊರಿನವರೆಲ್ಲ ನುಂಗುವ ಗುಳಿಗೆ, ಅದರಲ್ಲಿ ಕಾಲು ಭಾಗ. ಏನಾದೀತು ಎಂದುಕೊಂಡು ರಾಜಾಬೀ ಬ್ಲೇಡಿನಿಂದ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಉಂಡ ಮೇಲೆಯೇ ತಿನ್ನಬೇಕು ಎಂದು ಎರಡು ಸಲ ಹೇಳಿದಳು. ಹೊಟ್ಟೆಯ ಬಗ್ಗೆ ಒಂದು ಮಾತು ಕೇಳಲಿಲ್ಲ.

ಗುಳಿಗೆ ಶುರುವಾದ ವಾರಕ್ಕೇ ಕರಿಬಸಪ್ಪ ಮತ್ತೆ ಕಾಲುವೆಯ ದಂಡೆಯ ಮೇಲೆ ನಡೆಯತೊಡಗಿದ. ಮುಖದಲ್ಲಿ ಕಳೆ ಬಂತು. ಆದರೆ ಅವನಿಗೆ ಹತ್ತು ವರ್ಷದಿಂದ ಹೊಟ್ಟೆ ಉರಿ ಇತ್ತು. ಉರಿ ಎದ್ದಾಗ ನೀರಿಗೆ ಅಡುಗೆ ಸೋಡಾ ಕಲಸಿ ಕುಡಿದು ಸುಮ್ಮನಾಗುತ್ತಿದ್ದ. ಸೋಮವಾರ ಉಪವಾಸ. ಅಂದೂ ಗುಳಿಗೆ ತಪ್ಪಿಸುತ್ತಿರಲಿಲ್ಲ, ತಪ್ಪಿಸಿದರೆ ಎದೆ ನಿಂತೀತೆಂಬ ಹೆದರಿಕೆ. ಆರೇಳು ತಿಂಗಳಿಗೆ ಸಂಡಾಸು ಡಾಂಬರಿನ ಹಾಗೆ ಕರ್ರಗಾಯಿತು. ಇಂಥದ್ದನ್ನೆಲ್ಲ ಹೆಂಗಸರ ಮುಂದೆ ಹೇಗೆ ಹೇಳುವುದೆಂದು ಅವನು ಬಾಯಿ ಬಿಡಲಿಲ್ಲ.

1985ರ ಶ್ರಾವಣದಲ್ಲಿ ಒಂದು ಮುಂಜಾನೆ ಬಚ್ಚಲಲ್ಲಿ ಬಿದ್ದ. ಮುದುಕಮ್ಮ ಓಡಿ ಬಂದು ನೋಡಿದರೆ ಎದೆಯ ತುಂಬ ಕರಿ ರಕ್ತ ವಾಂತಿ ಮಾಡಿಕೊಂಡಿದ್ದ. ರಾಜಾಬೀ ಬಂದು ನಾಡಿ ಹಿಡಿದಳು. ದಾರದಷ್ಟು ಸಣ್ಣಗೆ ಹರಿಯುತ್ತಿತ್ತು. ಅಕ್ಕಿ ಗಿರಣಿಯ ಜೀಪು ಸಿಕ್ಕಿತು. ಗಂಗಾವತಿಯಲ್ಲಿ ಸಲೈನ್ ಹಚ್ಚಿ ಬಳ್ಳಾರಿಗೆ ಕಳಿಸಿದರು. ದಾರಿಯುದ್ದಕ್ಕೂ ಅವನ ತಲೆ ರಾಜಾಬೀಯ ತೊಡೆಯ ಮೇಲಿತ್ತು. ಕಾರಣ ಆಕೆಗೆ ಆಗಲೇ ಹೊಳೆದಿತ್ತು.

ಬಳ್ಳಾರಿಯಲ್ಲಿ ಡಾಕ್ಟರು ಏನೇನು ಔಷಧಿ ತಗೊಳ್ತಿದ್ರು ಎಂದು ಕೇಳಿದರು. ರಾಜಾಬೀ ಮುಂದೆ ಬಂದಳು. "ಆಸ್ಪಿರಿನ್ ರೀ. ನಾನ ಕೊಟ್ಟೀನಿ."

ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಜೀವ ಉಳಿಯಿತು. ಮರುದಿನ ಡಾಕ್ಟರು ಆಕೆಯನ್ನು ಹೊರಗೆ ಕರೆದರು. ಬೈಯಲಿಲ್ಲ. "ನಿಮ್ಮ ಅಣ್ಣಗ ಒಮ್ಮೆ ಆಘಾತ ಆಗೇತಿ, ಅವರಿಗೆ ಈ ಗುಳಿಗಿಯಿಂದ ಲಾಭ ಐತಿ. ಆಘಾತ ಆಗದವರಿಗೆ ಕೊಡಬೇಕೋ ಬ್ಯಾಡೋ ಅನ್ನೋದು ನಮಗೂ ಇನ್ನ ಗೊತ್ತಿಲ್ಲ, ದೊಡ್ಡ ದೊಡ್ಡ ದೇಶದಾಗ ಪರೀಕ್ಷೆ ನಡದಾವ. ಹೊಟ್ಟ್ಯಾಗ ಹುಣ್ಣಿದ್ದವರಿಗೆ ಮಾತ್ರ ಕೊಡಬಾರದು, ಹುಣ್ಣಿನಿಂದ ರಕ್ತ ಸೋರತೈತಿ. ಹೊಟ್ಟಿ ಬಗ್ಗೆ ಕೇಳಿದ್ರೇನು?"

"ಇಲ್ಲರಿ," ಎಂದಳು.

ಊರಿಗೆ ಬಂದ ಮೇಲೆ ಮುದುಕಮ್ಮ ಆಕೆಯ ಮನೆಯ ಕಡೆ ತಿರುಗಿ ನೋಡಲಿಲ್ಲ. ಕೊಡು ಎಂದು ತಾನೂ ಕೇಳಿದ್ದನ್ನು ಮುದುಕಮ್ಮನೂ ಎತ್ತಲಿಲ್ಲ, ರಾಜಾಬೀಯೂ ಎತ್ತಲಿಲ್ಲ. ಕರಿಬಸಪ್ಪ ಮಾತ್ರ ನಡೆಯುವಷ್ಟು ಶಕ್ತಿ ಬಂದ ದಿನವೇ ಬಂದು ಕಟ್ಟೆಯ ಮೇಲೆ ಕೂತು, "ನಾ ಹೊಟ್ಟಿ ಉರಿ ಮುಚ್ಚಿಟ್ಟೆ, ನಿನ್ನದೇನು ತಪ್ಪು?" ಎಂದ. ಆಕೆಗೆ ಅದರಿಂದ ಸಮಾಧಾನ ಆಗಲಿಲ್ಲ. ಮುಚ್ಚಿಟ್ಟದ್ದನ್ನು ಕೇಳಿ ತೆಗೆಯುವುದೇ ಮೂವತ್ತು ವರ್ಷ ಆಕೆ ಮಾಡಿದ ಕೆಲಸ. ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಒಲೆಗೆ ಹಾಕಿದಳು. ಬಂದವರಿಗೆ ಗಂಗಾವತಿಯ ದಾರಿ ತೋರಿಸಿದಳು. ಕೆಲವರು ನರ್ಸಬಾಯಿಗೆ ಸೊಕ್ಕು ಬಂದೈತಿ ಎಂದು ಆಡಿಕೊಂಡರು.

ಗುಳಿಗೆ ಬಿಟ್ಟ ಕರಿಬಸಪ್ಪ ಆಮೇಲೆ ಎರಡು ವರ್ಷ ಚೆನ್ನಾಗಿಯೇ ಇದ್ದ. ಹೊಟ್ಟೆಯ ಹುಣ್ಣು ಮಾಯಿತು. 1987ರ ಚಳಿಗಾಲದಲ್ಲಿ, ಕಾಲುವೆಯ ಸೇತುವೆಯ ಬಳಿ ಚಹಾ ಕುಡಿಯುತ್ತ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಎದೆಯೇ ನಿಂತಿತ್ತು.

ಮಣ್ಣು ಮಾಡಿದ ಮೂರನೆಯ ದಿನ ರಾಜಾಬೀ ಆ ಮನೆಯ ಹೊಸಿಲು ತುಳಿದಳು. ಮುದುಕಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಎರಡು ವರ್ಷದ ಮೇಲೆ ಮೊದಲ ಮಾತು ಆಡಿದಳು.

"ಆ ಗುಳಿಗಿ ಬಿಡದಿದ್ರ ಉಳೀತಿದ್ನೇನು?"

ಇಲ್ಲ ಎಂದರೆ ಮುದುಕಮ್ಮನಿಗೆ ನೆಮ್ಮದಿ ಆಗುತ್ತಿತ್ತೇನೋ. ರಾಜಾಬೀಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

"ನನಗ ಗೊತ್ತಿಲ್ಲವ್ವಾ. ಬಿಡದಿದ್ರ ರಕ್ತ ಹೋಗಿ ಮೊದಲ ಸಾಯ್ತಿದ್ನೋ ಏನೋ. ಅದೂ ಗೊತ್ತಿಲ್ಲ."

"ಡಾಕ್ಟರಿಗೆ?"

"ಅವರಿಗೂ ಗೊತ್ತಿಲ್ಲ."

ಮುದುಕಮ್ಮ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ರಾಜಾಬೀ ಕೂತಳು.

ಆಮೇಲೆ ಅವರಿಬ್ಬರೂ ಮೊದಲಿನಂತೆ ಒಬ್ಬರ ಮನೆಗೊಬ್ಬರು ಹೋಗಿ ಬಂದು ಮಾಡಿದರು. ಹೊಸಪೇಟೆಯಿಂದ ಅಬ್ದುಲಸಾಬ ತಂಗಿಯನ್ನು ನೋಡಲು ಬಂದು, ಊಟ ಮುಗಿಸಿ ತನ್ನ ಗುಳಿಗೆ ಬಾಯಿಗೆ ಹಾಕಿಕೊಳ್ಳುವಾಗ ಮಾತ್ರ ಮುದುಕಮ್ಮ ಅಲ್ಲಿದ್ದರೆ ರಾಜಾಬೀ ಏನೋ ನೆಪ ಹೇಳಿ ಒಳಗೆ ಎದ್ದು ಹೋಗುತ್ತಿದ್ದಳು.