ಆರದ ಡಾಂಬರು

1948ರ ಬೇಸಿಗೆಯಲ್ಲಿ ನಾನು ಜೇವರ್ಗಿಯಲ್ಲಿ ಸರ್ಕಾರಿ ಕಟ್ಟಡ ಮತ್ತು ರಸ್ತೆ ಖಾತೆಯ ಓವರ್ಸಿಯರ್ ಆಗಿದ್ದೆ. ವಯಸ್ಸು ಇಪ್ಪತ್ನಾಲ್ಕು. ಹುಟ್ಟೂರು ಆಳಂದ, ಓದಿದ್ದು ಉರ್ದುವಿನಲ್ಲಿ, ಮನೆಯಲ್ಲಿ ಕನ್ನಡ. ಕೈಯಲ್ಲೊಂದು ಸರ್ಟಿಫಿಕೇಟು, ತಲೆಯಲ್ಲಿ ಅದಕ್ಕಿಂತ ಹೆಚ್ಚಿನ ಗಾಳಿ. ಆ ವರ್ಷ ನಾನು ಮಾಡಿಸಿದ ಒಂದು ಬೇಲಿಯ ಕಥೆಯನ್ನು ಇಷ್ಟು ದಿನ ಮನೆಯವರಿಗೂ ಪೂರ್ತಿ ಹೇಳಿರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದು ಎಂಟು-ಒಂಬತ್ತು ತಿಂಗಳಾಗಿತ್ತು. ನಮ್ಮ ಕಡೆ ಇನ್ನೂ ನಿಜಾಮರ ಆಡಳಿತವೇ. ಯಡ್ರಾಮಿಯಿಂದ ಪಡುವಣಕ್ಕೆ ಎರಡು ಹರದಾರಿ ನಡೆದರೆ ಮುಂಬೈ ಪ್ರಾಂತದ ನೆಲ ಸಿಗುತ್ತಿತ್ತು. ಊರಲ್ಲಿ ಇರಲು ಹೆದರಿದವರು, ಆಡಳಿತದ ಕಣ್ಣಿಗೆ ಬಿದ್ದವರು, ಸುಮ್ಮನೆ ರಕ್ತ ಬಿಸಿಯಾದವರು ಎಲ್ಲರೂ ಗಡಿ ದಾಟಿ ಆಚೆ ನಿಜಾಮರ ವಿರೋಧಿಗಳ ಶಿಬಿರಗಳಲ್ಲಿ ಇದ್ದರು. ಗಡಿಯ ಒಂದು ಸಣ್ಣ ಊರಿನ ಪಕ್ಕದಲ್ಲಿ ನಾಕಾ ಇತ್ತು. ಮೊದಲು ಅಲ್ಲಿ ಧಾನ್ಯದ ಬಂಡಿಗಳನ್ನು ತಡೆದು ಸುಂಕ ಕೇಳುತ್ತಿದ್ದರು. ಈಗ ಮನುಷ್ಯರನ್ನು ತಡೆಯುತ್ತಿದ್ದರು. ನಾಕಾದಿಂದ ಹಳ್ಳದ ದಂಡೆಯ ದಿಬ್ಬದವರೆಗೆ ಮೂರು ಫರ್ಲಾಂಗು ಉದ್ದ, ಆಳೆತ್ತರದ ಕಟ್ಟಿಗೆಯ ಬೇಲಿ ಹಾಕಿ, ಮಳೆಗಾಲಕ್ಕೆ ಮುಂಚೆ ಎರಡು ಕೋಟು ಡಾಂಬರು ಬಳಿಯಬೇಕೆಂದು ನನಗೆ ಹುಕುಂ ಬಂತು.

ಮನುಷ್ಯರನ್ನು ತಡೆಯುವ ಬೇಲಿ ಎಂದು ನನಗೆ ಗೊತ್ತಿತ್ತು. ನಾನು ಅದನ್ನು ಕಟ್ಟಿಗೆಯ ಲೆಕ್ಕವಾಗಿ ಮಾತ್ರ ನೋಡಿದೆ. ನೌಕರಿಯಲ್ಲಿ ಹೀಗೆ ನೋಡುವುದನ್ನು ಬೇಗ ಕಲಿಯುತ್ತೇವೆ.

ಕೆಲಸಕ್ಕೆ ಸಿಕ್ಕವನು ಆ ಊರಿನ ಬಡಿಗೇರ ಮೋನಪ್ಪ. ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ನಾನು ಕಾಕಾ ಎನ್ನುತ್ತಿದ್ದೆ. ಕಂಬಗಳಿಗೆ ಅಲ್ಲಲ್ಲಿ ಕಡಿಸಿದ ಹಸಿ ಜಾಲಿ ಬಂದಿತ್ತು. ಮೋನಪ್ಪ ಒಂದೊಂದು ಕಂಬವನ್ನೂ ಬೆರಳ ಗಂಟಿನಿಂದ ಬಡಿದು, ಕಿವಿಗೊಟ್ಟು, ಪಕ್ಕಕ್ಕೆ ಇಡುತ್ತಿದ್ದ. ಒಣಗಿದ ಕಟ್ಟಿಗೆ ಠಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. ಅವನ ಪಕ್ಕದಲ್ಲಿದ್ದ ರಾಶಿಯಲ್ಲಿ ಠಣ್ ಎಂದದ್ದು ಹತ್ತರಲ್ಲಿ ಒಂದೂ ಇರಲಿಲ್ಲ.

"ಇದು ಮೂರು ತಿಂಗಳ ನೆಳ್ಳಾಗ ಒಣಗಬೇಕ್ರಿ ಸಾಹೇಬ್ರ" ಎಂದ.

ಮೂರು ತಿಂಗಳು ಎಲ್ಲಿಂದ ತರಲಿ? ಜೂನ್ ಮೊದಲ ವಾರ ದೊಡ್ಡ ಇಂಜಿನಿಯರರ ತಪಾಸಣೆ ಇತ್ತು. ಅದು ಸುಸೂತ್ರವಾದರೆ ನನಗೆ ಬಡ್ತಿ. ಹಸಿ ಕಂಬಗಳನ್ನೇ ನೆಡಿಸಿದೆ.

ಮುಂದಿನ ತೊಡಕು ಡಾಂಬರಿನದು. ಬೇಡಿದ್ದು ಎಂಟು ಪೀಪಾಯಿ, ಬಂದದ್ದು ಐದು. ಕೋಲ್‌ಟಾರ್, ಅಂದರೆ ಕಲ್ಲಿದ್ದಲಿನಿಂದ ಬರುವ ಡಾಂಬರು, ಕಾಸಿ ತೆಳ್ಳಗೆ ಬಳಿದರೂ ಐದು ಪೀಪಾಯಿ ಸಾಲುವಂತಿರಲಿಲ್ಲ. ಆಗ ನನಗೆ ಹೊಳೆದದ್ದು ಕುಸುಬೆ ಎಣ್ಣೆ. ನಮ್ಮ ಕಡೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ ಈ ಎಣ್ಣೆ ಉಣ್ಣಿಸುತ್ತಾರೆ. ವರ್ಷಗಟ್ಟಲೆ ನೀರಿನಲ್ಲಿ ಬಿದ್ದರೂ ಆ ತೊಗಲು ಕೊಳೆಯುವುದಿಲ್ಲ. ತೊಗಲಿಗೆ ಆಗುವುದು ಕಟ್ಟಿಗೆಗೆ ಯಾಕಾಗಬಾರದು? ಡಾಂಬರಿಗೆ ಎಣ್ಣೆ ಬೆರೆಸಿದರೆ ಐದು ಎಂಟಾಗುತ್ತದೆ. ಗಾಣದಿಂದ ಮೂರು ಪೀಪಾಯಿಯಷ್ಟು ತರಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕಡಾಯಿಯ ಹತ್ತಿರ ಮೋನಪ್ಪ ನನ್ನ ಕೈ ತಡೆದ. "ಹಸಿ ಎಣ್ಣಿ ಹಾಕಬ್ಯಾಡ್ರಿ. ಚೀಲಕ್ಕ ಹಾಕೂ ಎಣ್ಣಿ ದಿನಗಟ್ಟಲೆ ಕುದಿಸಿ, ಎಳಿ ಬರೂತನಕ ಕಾಸಿರ್ತಾರ. ಹಿಂಗ ಸುರದ್ರ ಇದು ಮುಂದಿನ ಯುಗಾದಿಗೂ ಆರಂಗಿಲ್ಲ."

"ಡಾಂಬರ ಹೆಂಗೂ ಕಾಸೇ ಇರ್ತೈತಲ್ಲ ಕಾಕಾ" ಎಂದೆ.

"ನೀವು ಓದಿದವರು" ಎಂದಷ್ಟೇ ಹೇಳಿ ಅವನು ಕೈ ತೆಗೆದ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತನ್ನು ನನ್ನ ಮುಖಕ್ಕೇ ಹೇಳಬಹುದಿತ್ತು, ಹೇಳಲಿಲ್ಲ.

ಮೇ ತಿಂಗಳ ಕೊನೆಗೆ ಬೇಲಿ ಕರ್ರಗೆ ಮಿಂಚುತ್ತಾ ನಿಂತಿತು. ದೂರದಿಂದ ನೋಡಿದರೆ ಬಹಳ ಚೆಂದ. ಹತ್ತಿರ ಹೋಗಿ ಬೆರಳಿಟ್ಟರೆ ಬೆರಳು ಕಪ್ಪು. ನಾಲ್ಕು ದಿನ ಕಾದೆ, ಎಂಟು ದಿನ ಕಾದೆ. ಹಗಲು ಬಿಸಿಲಿಗೆ ಒಳಗಿನ ಹಸಿ ಉಬ್ಬಿ ಬಂದು ಬೇಲಿ ಬೆವರುತ್ತಿತ್ತು. ತಪಾಸಣೆಗೆ ಬಂದ ಇಂಜಿನಿಯರರು ಮೋಟಾರಿನಿಂದ ಇಳಿಯಲಿಲ್ಲ. ಕುಳಿತಲ್ಲಿಂದಲೇ ನೋಡಿ "ಅಚ್ಛಾ ಹೈ" ಎಂದು ಹೋದರು. ನನಗೆ ಜೀವ ಬಂದಂತಾಯಿತು.

ಮರುದಿನ ನಾಕಾದ ಜಗಲಿಯಲ್ಲಿ ನಾನು ದಫೇದಾರನ ಜೊತೆ ಚಹಾ ಕುಡಿಯುತ್ತಿದ್ದೆ. ದಫೇದಾರನೆಂದರೆ ಅಲ್ಲಿನ ಪಹರೆಯ ಮುಖ್ಯಸ್ಥ. ಜವಾನರಿಬ್ಬರು ಕುರುಬರ ಬೀರಪ್ಪನನ್ನು ಎಳೆದುಕೊಂಡು ಬಂದರು. ಅವನ ಎರಡೂ ಅಂಗೈ ಕಪ್ಪಾಗಿದ್ದವು. ಕುರಿಮರಿಯ ತಲೆ ಬೇಲಿಯ ಸಂದಿನಲ್ಲಿ ಸಿಕ್ಕಿತ್ತು, ಬಿಡಿಸಲು ಹೋಗಿ ಹಿಡಿದೆ ಎಂದು ಅವನು ಹೇಳುತ್ತಿದ್ದ. ಮರಿಯ ಕುತ್ತಿಗೆಯೂ ಕಪ್ಪಾಗಿತ್ತು.

"ಎಂಟ್-ಹತ್ತು ದಿನದ ಡಾಂಬರ ಮುಟ್ಟಿದ್ರ ಹತ್ತತೈತೇನು? ಮೈಯೆಲ್ಲ ಊರಿ ಬೇಲಿ ಜಿಗದಾನ" ಎಂದ ದಫೇದಾರ. ನನ್ನ ಕಡೆ ತಿರುಗಿ, "ಹೌದಲ್ಲ ಓವರ್ಸಿಯರ್ ಸಾಬ್?" ಎಂದು ಕೇಳಿದ.

ಉತ್ತರ ನನ್ನ ನಾಲಗೆಯ ಮೇಲಿತ್ತು. ನನ್ನ ಮಿಶ್ರಣ ಕೆಟ್ಟಿದೆ, ಈ ಬೇಲಿ ಯಾರು ಮುಟ್ಟಿದರೂ ಹತ್ತುತ್ತದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತಪಾಸಣೆ ಆಗಿ ಒಂದೇ ದಿನವಾಗಿತ್ತು. ಬಡ್ತಿಯ ಕಾಗದ ಇನ್ನೂ ಬರಬೇಕಿತ್ತು. ನಾನು ಚಹಾದ ಬಟ್ಟಲು ನೋಡುತ್ತಾ ಕುಳಿತೆ. ಬೀರಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನನ್ನು ಕರೆದುಕೊಂಡು ಹೋದರು.

ಹಿಂದಿನ ತಿಂಗಳು ಹೀಗೆ ಒಯ್ದ ಇಬ್ಬರು ತಿರುಗಿ ಬಂದಿರಲಿಲ್ಲ. ಬೀರಪ್ಪ ಹನ್ನೆರಡನೆಯ ದಿನ ಬಂದ. ಬಲಗೈಯ ಮೂರು ಬೆರಳು ಮುರಿದಿದ್ದವು. ಆ ಸುದ್ದಿ ಕೇಳಿದ ದಿನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ನಾಚಿಕೆಯಿಂದ ಅವನ ಮನೆಯ ಓಣಿಯಲ್ಲಿ ಹಾಯುವುದನ್ನೇ ಬಿಟ್ಟೆ, ಅದು ಮಾತ್ರ ಚೆನ್ನಾಗಿ ನೆನಪಿದೆ.

ಇದಾಗಿ ನಾಲ್ಕೈದು ದಿನಕ್ಕೆ ಬೆಳಿಗ್ಗೆ ಎಂಟರ ಸುಮಾರಿಗೆ ದಫೇದಾರ ನಗುತ್ತಾ ನನ್ನನ್ನು ಕರೆದ. ದಿಬ್ಬದ ಹತ್ತಿರ ಬೇಲಿಯ ಮೇಲಿನ ಹಲಗೆಯಲ್ಲಿ ಎರಡು ಕೈ ಎಳೆದ ಗುರುತು ಇತ್ತು. ಯಾರೋ ಆಚೆಯಿಂದ ಈಚೆಗೆ ದಾಟಿದ್ದರು.

"ನಿಮ್ಮ ಬೇಲಿ ನಾಕ್ ಜವಾನರ ಕೆಲಸ ಮಾಡಾಕತ್ತೈತಿ. ಯಡ್ರಾಮಿಯಿಂದ ಮಂದಿ ಕರಸೇನಿ. ಮಧ್ಯಾಹ್ನ ಎರಡಕ್ಕ ಊರಿನ ಗಂಡಸರನ್ನೆಲ್ಲ ಚಾವಡಿಗೆ ತಂದು ಅಂಗೈ ನೋಡ್ತೇನಿ" ಎಂದ.

ಬೇಲಿಯ ಒಂದು ಹಲಗೆ ಸಡಿಲವಾಗಿತ್ತು. ಅದನ್ನು ಹೇಳಲು ಮೋನಪ್ಪನ ಮನೆಗೆ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವನ ಮಗಳು ಕಾಳವ್ವ ಬಾಣಂತಿ, ಒಂಬತ್ತು ದಿನದ ಹೆಣ್ಣುಕೂಸು. ಪಡಸಾಲೆಯಲ್ಲಿ ಮೋನಪ್ಪನ ಪಕ್ಕ ಒಬ್ಬ ಯುವಕ ಬೂದಿ ಹಚ್ಚಿ ಕೈ ತಿಕ್ಕುತ್ತಿದ್ದ. ಚರ್ಮ ಕೆಂಪಾಗಿ ಕಿತ್ತುಬಂದಿತ್ತು, ಕಪ್ಪು ಹೋಗಿರಲಿಲ್ಲ. ಅವನು ಮೋನಪ್ಪನ ಅಳಿಯ ಈರಣ್ಣ, ಅಫಜಲಪುರ ತಾಲೂಕಿನ ಗೊಬ್ಬೂರಿನವನು. ಯುಗಾದಿಯ ನಂತರ ಗಡಿಯಾಚೆಯ ಶಿಬಿರ ಸೇರಿದ್ದ. ಕೂಸಿನ ಮುಖ ನೋಡಲೆಂದು ಬಂದಿದ್ದ.

ನನ್ನನ್ನು ನೋಡಿ ಮೂವರೂ ಹಾಗೇ ನಿಂತರು. ನಾನು ಸರ್ಕಾರದ ಮನುಷ್ಯ. ಹೆದರಿದ್ದರಲ್ಲಿ ತಪ್ಪೇನಿಲ್ಲ.

"ಕುಸುಬಿ ಎಣ್ಣಿ ಹಚ್ಚಿದ್ರ ಹೋಗಂಗಿಲ್ಲೇನು?" ಎಂದು ಕೇಳಿದೆ.

"ಮ್ಯಾಲಿಂದು ಹೋಗತೈತಿ. ಉಗರಾಗಿಂದು, ಗೆರಿಯಾಗಿಂದು ಎಂಟ್ ದಿನ ಹೋಗಂಗಿಲ್ರಿ" ಎಂದ ಮೋನಪ್ಪ. ದನಿ ಏರಿಸದೆ ಮತ್ತೆ ಹೇಳಿದ: "ಆರಿದ ಡಾಂಬರಾಗಿದ್ರ ಹತ್ತತಿದ್ದಿಲ್ಲ ಸಾಹೇಬ್ರ."

ಒಳಗಿನಿಂದ ಕಾಳವ್ವ ಅಂದಳು, "ಅಪ್ಪಾ, ಅವರಿಗೇನೂ ಅನಬ್ಯಾಡ. ಹೋಗ್ಲಿ ಬಿಡು ಅವರನ್ನ." ನಾನು ನೇರವಾಗಿ ದಫೇದಾರನ ಬಳಿಗೆ ಹೋಗುತ್ತೇನೆಂದೇ ಆಕೆ ತಿಳಿದಿದ್ದಳು. ಬೀರಪ್ಪನ ಸಂಗತಿ ಇಡೀ ಊರಿಗೆ ಗೊತ್ತಿತ್ತು.

ಆ ಮಾತು ನನಗೆ ಚುಚ್ಚಿತು. ಹೊಸ್ತಿಲಲ್ಲೇ ಕುಳಿತು ಯೋಚಿಸಿದೆ. ಈರಣ್ಣನ ಕೈ ಬಿಳುಪು ಮಾಡಲು ಸಮಯವಿರಲಿಲ್ಲ. ಉಳಿದವರ ಕೈ ಕಪ್ಪು ಮಾಡಲು ಸಮಯವಿತ್ತು. ನನ್ನ ಜಾಣ ಮಿಶ್ರಣದಲ್ಲಿ ಒಂದೂವರೆ ಪೀಪಾಯಿ ಉಳಿದಿತ್ತು.

ಆಗಿನ ಕಾಲದಲ್ಲಿ ಸರ್ಕಾರಿ ಕೆಲಸಕ್ಕೆ ಊರಿನವರನ್ನು ಬಿಟ್ಟಿ ಕರೆಯುವ ಅಧಿಕಾರ ನಮ್ಮಂಥ ಸಣ್ಣ ಅಧಿಕಾರಿಗಳಿಗೂ ಇತ್ತು. ನಾನು ಆ ಪದ್ಧತಿಯನ್ನು ಎಂದೂ ಒಳ್ಳೆಯದೆಂದು ಹೇಳಿಲ್ಲ, ಆವತ್ತು ಮಾತ್ರ ಉಪಯೋಗಕ್ಕೆ ಬಂತು. ತಳವಾರನಿಂದ ಡಂಗುರ ಹೊಡೆಸಿದೆ: ಮಳೆ ಬರುವ ಮೊದಲು ಬೇಲಿಗೆ ಮೂರನೆಯ ಕೋಟು, ಮನೆಯ ಗಂಡಸರೆಲ್ಲ ಬರಬೇಕು. ಕೆಲಸ ನಾಕಾಕ್ಕೆ ಕಾಣದ ದಿಬ್ಬದ ತುದಿಯಿಂದ ಶುರು. ಕುಂಚ ಕೊಡಲಿಲ್ಲ. "ಗೋಣಿ ಚೂರು ತಗೊಂಡು ಕೈಲೇ ತಿಕ್ಕ್ರಿ" ಎಂದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಗೌಡರ ಮನೆಯ ಹಿರಿಯರು ಕೂಡ ತೋಳು ಏರಿಸಿ ಪೀಪಾಯಿಗೆ ಕೈ ಅದ್ದಿದರು.

ಮೊದಲು ಕೈ ಅದ್ದಿದವರಲ್ಲಿ ಬೀರಪ್ಪನೂ ಇದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈ ಅದ್ದಿದ. ನಾನು ಅವನ ಮುಖ ನೋಡಲಾರದೆ ಕಂಬ ಎಣಿಸುವವನಂತೆ ಆಚೆ ಹೋದೆ.

ಅವರು ತಿಕ್ಕುತ್ತಿರುವಾಗ ನಾನು ಬಂಡೆಯ ಮೇಲೆ ಕುಳಿತು ಉರ್ದುವಿನಲ್ಲಿ ಒಂದು ಕಾಗದ ಬರೆದೆ. ಹಸಿ ಕಟ್ಟಿಗೆ ನೆಡಿಸಿದ್ದೇನೆ, ಕುದಿಸದ ಎಣ್ಣೆ ಬೆರೆಸಿದ್ದೇನೆ, ಬಡಿಗೇರ ಎಚ್ಚರಿಸಿದರೂ ಕೇಳಲಿಲ್ಲ, ಡಾಂಬರು ಬಳಿದ ದಿನದಿಂದ ಇಂದಿನವರೆಗೂ ಆರಿಲ್ಲ, ಮುಟ್ಟಿದ ಯಾರ ಕೈಗಾದರೂ ಹತ್ತುತ್ತದೆ. ಕೆಳಗೆ ಹೆಸರು, ಹುದ್ದೆ, ರುಜು. ಐದು ಸಾಲಿನ ಕಾಗದ. ಅದನ್ನು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು.

ಎರಡು ಗಂಟೆಗೆ ದಫೇದಾರ ಹನ್ನೆರಡು ಮಂದಿಯೊಂದಿಗೆ ಚಾವಡಿಗೆ ಹೋಗಿ, ಯಾರೂ ಇಲ್ಲದ್ದು ಕಂಡು, ಬೇಲಿಗೆ ಬಂದ. ಎಪ್ಪತ್ತು ಜನ ಸಾಲಾಗಿ ನಿಂತರು. ಅವನು ಹೇಳುವ ಮೊದಲೇ ಅಂಗೈ ಚಾಚಿದರು. ಈರಣ್ಣ ಮಾವನ ಪಕ್ಕದಲ್ಲಿದ್ದ, ಮೊಣಕೈವರೆಗೆ ಕಪ್ಪು.

"ಇವತ್ತೇ ಯಾಕ ಬೇಕಾಗಿತ್ತು ಈ ಕೆಲಸ?" ಎಂದು ದಫೇದಾರ ಕೇಳಿದ. ಈಗ ಸಾಬ್ ಎನ್ನಲಿಲ್ಲ.

ನಾನು ಕಾಗದ ಕೊಟ್ಟೆ. ಅವನು ಎರಡು ಸಲ ಓದಿದ.

"ಇದು ಮ್ಯಾಲೆ ಹೋದ್ರ ನಿಮ್ಮ ನೌಕರಿ ಇರಂಗಿಲ್ಲ."

"ಬರದಿದ್ದು ಖರೆ ಐತ್ರಿ. ಕೈ ನೋಡಿ ಯಾರನ್ನೂ ಒಯ್ಯಾಕ ಬರಂಗಿಲ್ಲ. ಬೀರಪ್ಪಂದೂ ಇದರಾಗ ಸೇರ್ತೈತಿ" ಎಂದೆ.

ಅವನಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಎಪ್ಪತ್ತು ಜನರನ್ನು ಒಯ್ಯಲು ಅವನಿಗೆ ಬಂಡಿಯೂ ಇರಲಿಲ್ಲ, ಕಾರಣವೂ ಉಳಿದಿರಲಿಲ್ಲ. ಕಾಗದ ಜೇಬಿಗಿಟ್ಟು ಹೋದ. ಮೂರು ದಿನ ಬಿಟ್ಟು ಮಳೆ ಜೋರಾಗಿ ಹಿಡಿದಾಗ ಈರಣ್ಣ ಆಚೆಗೆ ದಾಟಿದ. ಅಷ್ಟರಲ್ಲಿ ತೊಟ್ಟಿಲ ಕಾರ್ಯ ಮುಗಿದಿತ್ತು. ಕರಿ ಕೈಯಲ್ಲೇ ಮಗಳನ್ನು ಎತ್ತಿಕೊಂಡನಂತೆ.

ಜುಲೈನಲ್ಲಿ ನನ್ನನ್ನು ಅಮಾನತು ಮಾಡಿದರು. ಆಳಂದಕ್ಕೆ ಹೋಗಿ ಅಣ್ಣನ ಮನೆಯಲ್ಲಿ ಕುಳಿತೆ. ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿದು ರಾಜ್ಯವೇ ಬದಲಾಯಿತು. ಚಳಿಗಾಲಕ್ಕೆ ಕೆಲಸಕ್ಕೆ ಮರಳಿ ಕರೆದು ಮೊದಲು ಕೊಟ್ಟ ಹುಕುಂ ಅದೇ ಬೇಲಿಯನ್ನು ಕೀಳಿಸುವುದು. ಕಂಬಗಳು ಕೈಯಿಂದ ಎಳೆದರೇ ಬಂದವು. ಮೇಲೆ ಡಾಂಬರು ಹೊಳೆಯುತ್ತಿತ್ತು, ಒಳಗಿನ ನೀರು ಹೊರಹೋಗಲು ದಾರಿ ಇಲ್ಲದೆ ಕಟ್ಟಿಗೆ ಕೊಳೆತು ಹಿಟ್ಟಾಗಿತ್ತು. ಮೋನಪ್ಪ ಒಂದನ್ನು ಮುರಿದು ನನಗೆ ತೋರಿಸಿದ.

ಬೀರಪ್ಪ ಕುರಿಗಳೊಂದಿಗೆ ಅಲ್ಲೇ ಬಂದ. ಆ ದಿನ ಹೋಗಿ ಅವನೆದುರು ನಿಂತೆ. "ನಂದು ತಪ್ಪಾತು ಬೀರಪ್ಪ" ಎಂದೆ.

ಅವನು ಬಲಗೈ ಎತ್ತಿ ಕೋಲನ್ನು ಎಡಗೈಗೆ ಬದಲಿಸಿದ. ಮೂರು ಬೆರಳು ಮಡಚುತ್ತಿರಲಿಲ್ಲ. "ಆ ಕಾಗದ ಬರದ್ರೆಲ್ರಿ, ಚಲೋ ಆತು" ಎಂದ. ಮತ್ತೆ, "ಚಹಾ ಕುಡಿಯೂವಾಗ ಬಾಯಿಲೆ ಅಂದಿದ್ರ ಸಾಕಿತ್ರಿ, ಬರಿಯೂದು ಬೇಕಾಗಿದ್ದಿಲ್ಲ" ಎಂದು ಹೇಳಿ ಕುರಿಗಳ ಹಿಂದೆ ಹೋದ.

ಆಮೇಲೆ ಮೂವತ್ತೊಂದು ವರ್ಷ ನೌಕರಿ ಮಾಡಿದೆ. ಕಿಟಕಿ, ಬಾಗಿಲು, ಬೇಲಿ, ಸೇತುವೆಯ ಹಲಗೆ, ಎಷ್ಟಕ್ಕೋ ಎಣ್ಣೆ ಬಣ್ಣ ಬಳಿಸಿದೆ. ಕಟ್ಟಿಗೆ ಒಣಗದೆ ಮೇಲೆ ಏನನ್ನೂ ಬಳಿಯಬಾರದೆಂದು ಕೈಕೆಳಗಿನವರಿಗೆ ಹೇಳಿಕೊಟ್ಟೆ. ಕೆಲಸ ಕೆಟ್ಟರೆ ಅದೇ ದಿನ ಬಾಯಿಬಿಟ್ಟು ಹೇಳಿ ಎಂದೂ ಹೇಳುತ್ತಿದ್ದೆ. ಪಾಸು ಮಾಡುವ ಮೊದಲು ನನ್ನ ಬಲ ಅಂಗೈಯನ್ನು ಆ ಹಲಗೆಗೆ ಒತ್ತಿ ತೆಗೆದು ನೋಡುತ್ತಿದ್ದೆ. ಸಾಹೇಬರದೊಂದು ಚಾಳಿ ಎಂದು ಹುಡುಗರು ನಗುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ, ಆದರೆ ಕೈ ಒತ್ತುವುದನ್ನು ಬಿಡಲಿಲ್ಲ.