ಮಧುಮತಿಯ ಕೈ ಕಾಣುವ ಫೋನು

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕಸ್ತೂರಿಬಾಯಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ, ಬಾಯಿಗೆ ಮಾತಿಲ್ಲ. ಹಾಗಂತ ಅವಳನ್ನು ಮೂಕಿ ಅನ್ನುವವರಿಗೆ ಅವಳ ಮಾತಿನ ರುಚಿ ಗೊತ್ತಿಲ್ಲ, ಅಷ್ಟೇ. ಜಿಡಗಾದ ತವರಿನಲ್ಲಿ ಅವಳೂ ತಂಗಿ ಮಧುಮತಿಯೂ ಇಬ್ಬರೂ ಹಾಗೇ ಹುಟ್ಟಿದವರು. ಅಂಗಳದಲ್ಲಿ ಆಡುತ್ತ ಆಡುತ್ತಲೇ ಕೈಯಲ್ಲಿ ಒಂದು ಭಾಷೆ ಕಟ್ಟಿಕೊಂಡರು. ಹಣೆಯ ಮೇಲೆ ಮೂರು ಬೆರಳು ಎಳೆದರೆ ಜಿಡಗಾ, ಮಠದ ಊರಲ್ಲವೇ. ಮೀಸೆ ತಿರುವಿದರೆ ಅಣ್ಣ ಶಂಕರಲಿಂಗ. ಅವನಿಗೆ ಮೀಸೆ ಬರುವ ಮೊದಲೇ ಆ ಹೆಸರು ಬಿದ್ದಿತ್ತು, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಸಾಲಿಗೆ ಹೋಗಿ ಮಾಸ್ತರರಿಂದ ಏಟು ತಿಂದಿದ್ದ. ಅದು ಬೇರೆಯೇ ಕಥೆ, ಇರಲಿ. ಗಲ್ಲದಲ್ಲಿ ಬೆರಳೂರಿದರೆ ಮಧುಮತಿ, ಅವಳಿಗೆ ಅಲ್ಲೊಂದು ಗುಳಿ. ಎರಡೂ ಅಂಗೈಯನ್ನು ರೊಟ್ಟಿ ಬಡಿದಂತೆ ಆಡಿಸಿದರೆ ಕಸ್ತೂರಿ.

ಈ ಭಾಷೆ ಪೂರ್ತಿ ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಸೊಸೆ ಶೈಲಶ್ರೀ ಮನೆಗೆ ಬಂದು ಏಳು ವರ್ಷದಲ್ಲಿ ಅಡುಗೆ, ಸಂತೆ, ಜ್ವರ, ನೆಂಟರು ಇಷ್ಟನ್ನು ಕಲಿತಿದ್ದಳು. ಮನಸ್ಸಿನ ಮಾತಿಗೆ ಕಸ್ತೂರಿಬಾಯಿ ನಾಗರ ಪಂಚಮಿಯವರೆಗೆ ಕಾಯಬೇಕು. ಮಧುಮತಿಯನ್ನು ಕೊಟ್ಟದ್ದು ಜೇವರ್ಗಿ ಕಡೆಯ ಇಜೇರಿಗೆ. ಪಂಚಮಿಗೆ ಇಬ್ಬರೂ ತವರಿಗೆ ಬಂದರೆ ಒಲೆಯ ಮೇಲಿನ ಉಂಡಿ ಪಾಕ ಸೀದು ಹೋದರೂ ಕೈ ನಿಲ್ಲುತ್ತಿರಲಿಲ್ಲ.

ಈ ಸಲ ಪಂಚಮಿಗೆ ಮಧುಮತಿ ಬರಲಿಲ್ಲ. ಲಕ್ವಾ ಹೊಡೆದಿತ್ತು. ಕಲಬುರಗಿಯ ದವಾಖಾನೆಗೆ ಕಸ್ತೂರಿಬಾಯಿ ಓಡಿಹೋದಾಗ ತಂಗಿ ಕಣ್ಣು ಮುಚ್ಚಿ ಮಲಗಿದ್ದಳು, ಕುತ್ತಿಗೆಯವರೆಗೆ ಚಾದರ. ಎರಡು ದಿನ ಕೂತರೂ ತಂಗಿ ಕಣ್ಣು ತೆರೆಯಲಿಲ್ಲ, ಮರಳಿದಳು. ಹೆಂಗಸರಿಗೆ ಬಸ್ಸಿಗೆ ರೊಕ್ಕ ಬೇಡ ನಿಜ, ಆದರೆ ದಿನ ಹೋಗುತ್ತದಲ್ಲ. ಖಾನಾವಳಿಯಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಕೂತಾಗಿತ್ತು, ಅವಳನ್ನು ಎಬ್ಬಿಸುವಷ್ಟರಲ್ಲಿ ಸಾಕಾಯಿತು. ಆಮೇಲೆ ಮನೆಯ ಗುಂಡಿ ಫೋನಿಗೆ ಮಧುಮತಿಯ ಮಗಳು ಭಾಗ್ಯಜ್ಯೋತಿ ಕರೆ ಮಾಡುವಳು. ಶೈಲಶ್ರೀ ಬಹಳ ಹೊತ್ತು ಕೇಳಿಸಿಕೊಂಡು, ಅತ್ತೆಯ ಕಡೆ ತಿರುಗಿ ಹೆಬ್ಬೆರಳು ಎತ್ತುವಳು. ಚೆನ್ನಾಗಿದ್ದಾಳೆ. ಅಷ್ಟು ಹೊತ್ತಿನ ಮಾತಿಗೆ ಒಂದೇ ಹೆಬ್ಬೆರಳು. ತಂಗಿಯ ಕೈಯಿಂದಲೇ ಅದನ್ನು ಕೇಳಬೇಕೆಂದು ಕಸ್ತೂರಿಬಾಯಿ ಹಟ ಹಿಡಿದಳು; ಕಿವಿಯೋಲೆ ಮಾಡಿಸಲು ಕೂಡಿಸಿಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಸೊಸೆಯನ್ನು ಸಲಾವುದ್ದೀನನ ಮೊಬೈಲ್ ಅಂಗಡಿಗೆ ಎಳೆದುಕೊಂಡು ಹೋದಳು.

"ಇದ್ರ ಆವಾಜ್ ನೋಡ್ರಿ, ಇಲ್ಲಿ ಹಚ್ಚಿದ್ರ ಬಜಾರ ತನಕ ಕೇಳ್ತದ," ಎಂದು ಅವನು ಒಂದು ಹಾಡು ಹಚ್ಚಿದ.

"ಅವರಿಗಿ ಕೇಳಂಗಿಲ್ರಿ. ಕಾಣೋದು ತೋರಸ್ರಿ," ಎಂದಳು ಶೈಲಶ್ರೀ.

ಸಲಾವುದ್ದೀನ ನಾಚಿ ಹಾಡು ನಿಲ್ಲಿಸಿದ. "ಮಾಫ್ ಮಾಡ್ರಿ ಅಮ್ಮ. ಹಂಗಾರ ಕಂತಿನ ಮ್ಯಾಲೆ ದೊಡ್ಡದೇ ಒಯ್ರಿ. ಒಂದು ಸಹಿ ಮಾಡಿ ಎರಡು ವರ್ಷ ಕಟ್ಕೋತ ಹೋಗ್ರಿ."

ಸೊಸೆ ಅದನ್ನು ತಿಳಿಸಿದಾಗ ಕಸ್ತೂರಿಬಾಯಿ ಎರಡೂ ಮಣಿಕಟ್ಟು ಜೋಡಿಸಿ ಹಗ್ಗ ಬಿಗಿದಂತೆ ತೋರಿಸಿ, ತಲೆಯಾಡಿಸಿದಳು.

"ಕೈ ಕಟ್ಟಿಸ್ಕೊಳಂಗಿಲ್ಲ ಅಂತಾರ್ರಿ. ನಗದು ಕೊಟ್ಟು ಒಯ್ಯೋದು. ರೀಚಾರ್ಜ್ ಹಾಕ್ದಷ್ಟು ದಿನ ನಡೀಲಿ."

ಹಾಗಾದರೆ ಇಪ್ಪತ್ತೆಂಟು ದಿನದ್ದು ಹಾಕಿಸಿ, ದಿನಕ್ಕೆ ಇಷ್ಟು ನೆಟ್ಟು, ಮಾತು ಬೇಕಾದಷ್ಟು ಎಂದ. ಮಾತಿಗೆ ನಾನೇಕೆ ರೊಕ್ಕ ಕೊಡಲಿ, ಅದನ್ನು ತೆಗೆದು ಉಳಿದದ್ದು ಕೊಡು ಎಂದು ಕಸ್ತೂರಿಬಾಯಿಯ ಬೆರಳು ಚೌಕಾಸಿಗಿಳಿಯಿತು.

"ಮಾತು ಬ್ಯಾಡಂದ್ರೂ ಕೂಡೇ ಬರ್ತದ ಅಮ್ಮ, ನಾ ಏನ್ ಮಾಡ್ಲಿ," ಎಂದು ಅವನು ನಕ್ಕ. ಅವಳೂ ನಕ್ಕಳು. ಎರಡು ತಿಂಗಳ ಮೇಲೆ ನಕ್ಕಿದ್ದಳು.

ಶೈಲಶ್ರೀ ಮಾತ್ರ ಎಲ್ಲಕ್ಕಿಂತ ಸಸ್ತಾದ, ಸಣ್ಣ ಫೋನನ್ನೇ ಮತ್ತೆ ಮತ್ತೆ ಮುಂದೆ ತಳ್ಳುತ್ತಿದ್ದಳು. ಅತ್ತೆ ಬಿಡಲಿಲ್ಲ. ಅಂಗಡಿಯ ಒಂದು ಫೋನನ್ನು ಸೊಸೆಯ ಕೈಗೆ ಕೊಟ್ಟು ರಸ್ತೆಯಾಚೆ ಬೇವಿನ ಮರದಡಿ ನಿಲ್ಲಿಸಿ, ವಿಡಿಯೋ ಹಚ್ಚಿಸಿ, ಬೆರಳಾಡಿಸು ಎಂದು, ತಾನು ಒಂದೊಂದೇ ಫೋನು ಬದಲಿಸಿ ನೋಡಿದಳು. ಸಣ್ಣದರಲ್ಲಿ ಐದು ಬೆರಳು ಕಲೆತು ಹಿಟ್ಟಿನ ಮುದ್ದೆಯಂತಾದವು. ಎರಡನೆಯದರಲ್ಲಿ ಕೈ ಒಂದು ಕಡೆ, ಅದರ ನೆರಳು ಇನ್ನೊಂದು ಕಡೆ ತಡೆದು ತಡೆದು ಓಡಿತು. ಮೂರನೆಯದರಲ್ಲಿ ಸೊಸೆಯ ಉಗುರಿಗೆ ಹತ್ತಿದ ಅರಿಶಿಣವೂ ಕಂಡಿತು. ಕಸ್ತೂರಿಬಾಯಿ ಸೆರಗಿನ ಗಂಟು ಬಿಚ್ಚಿದಳು.

"ಅತ್ತೀ, ಸಣ್ಣದೇ ಸಾಕಿತ್ತು," ಎಂದು ಶೈಲಶ್ರೀ ಬಾಯಿಬಿಟ್ಟೇ ಹೇಳಿದಳು, ಯಾರಿಗೆ ಕೇಳಲೆಂದೋ. ಇವಳಿಗೇಕೆ ಇಷ್ಟು ಜಿಪುಣತನ ಎಂದು ಕಸ್ತೂರಿಬಾಯಿಗೆ ಬೇಜಾರಾಯಿತು.

ಸಂಜೆ ಅವಳು ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟಳು. ಕೈಯಲ್ಲಿ ಹಿಡಿದರೆ ಮಾತಾಡುವುದು ಯಾವುದರಿಂದ? ಎರಡೂ ಕೈ ತೊಳೆದು, ಸೆರಗಿಗೆ ಒರೆಸಿ, ಎದುರು ಕೂತಳು. ಶೈಲಶ್ರೀ ಕರೆ ಹಚ್ಚಿದಳು. ಇಜೇರಿಯ ಗೋಡೆ ಬಂತು, ಭಾಗ್ಯಜ್ಯೋತಿಯ ಮುಖ ಬಂದು ಸರಿಯಿತು, ದಿಂಬಿಗೆ ಒರಗಿದ ಮಧುಮತಿ ಬಂದಳು. ಬಾಯಿ ಒಂದು ಕಡೆ ಜಾರಿತ್ತು. ಗಲ್ಲದ ಗುಳಿ ಇದ್ದ ಕಡೆಯೇ.

ಕಸ್ತೂರಿಬಾಯಿ ಒಂದೇ ಉಸಿರಿಗೆ ಎರಡು ತಿಂಗಳ ಮಾತು ಆಡಿಬಿಟ್ಟಳು. ಉಂಡಿಯಾ, ನಿದ್ದೆ ಬರುತ್ತಾ, ಔಷಧ ಯಾರು ಕೊಡುತ್ತಾರೆ, ಶಂಕರಲಿಂಗ ಬಂದಿದ್ದನಾ. ಮಧುಮತಿ ನೋಡುತ್ತಲೇ ಇದ್ದಳು. ಆಮೇಲೆ ಅವಳ ಎಡಗೈ ಮೇಲೆದ್ದಿತು. ಗಾಳಿಯನ್ನು ಒಂದು ಸಲ ತಟ್ಟಿತು, ಮತ್ತೊಂದು ಸಲ ತಟ್ಟಿತು. ಅದಕ್ಕೆ ಎದುರಾಗಬೇಕಿದ್ದ ಇನ್ನೊಂದು ಅಂಗೈ ಚಾದರದ ಮೇಲೆ ಬಿದ್ದಲ್ಲೇ ಬಿದ್ದಿತ್ತು.

ತನ್ನ ಹೆಸರು ಅರ್ಧಕ್ಕೆ ನಿಂತದ್ದನ್ನು ಕಸ್ತೂರಿಬಾಯಿ ನೋಡಿದಳು. ತಿರುಗಿ ಸೊಸೆಯನ್ನು ನೋಡಿದಳು. ಶೈಲಶ್ರೀ ಬಾಗಿಲಿಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಹೆಬ್ಬೆರಳು, ಆ ಸಣ್ಣ ಫೋನು, ಎಲ್ಲ ಈಗ ತಿಳಿಯಿತು. ಬೈಯಲಿಲ್ಲ. ಹತ್ತಿರ ಕರೆದು ಕೂರಿಸಿಕೊಂಡಳು. ಆಮೇಲೆ ತನ್ನ ಬಲಗೈಯನ್ನು ಬೆನ್ನ ಹಿಂದೆ ಒಯ್ದು, ಸೀರೆಯ ಮಡಿಕೆಯಲ್ಲಿ ಸಿಕ್ಕಿಸಿ, ಎಡಗೈ ಒಂದರಿಂದಲೇ ಮೊದಲಿನಿಂದ ಕೇಳತೊಡಗಿದಳು. ಉಂಡಿಯಾ?

ಆ ಕೈಗೆ ಮಾತು ರೂಢಿಯಿಲ್ಲ. ತೊದಲಿತು, ತಪ್ಪಿತು, ಮತ್ತೆ ಹೇಳಿತು. ಆ ಕಡೆಯೂ ಹಾಗೇ.

ಸ್ವಲ್ಪ ಹೊತ್ತಿಗೆ ಮಧುಮತಿ ಹುಬ್ಬು ಗಂಟಿಕ್ಕಿ, ಅಕ್ಕನ ಭುಜದ ಕಡೆ ಬೊಟ್ಟು ಮಾಡಿದಳು. ನಿನ್ನ ಆ ಕೈಗೆ ಏನಾಯಿತು?

ಕಸ್ತೂರಿಬಾಯಿ ಎಡ ಅಂಗೈಯನ್ನು ಗಲ್ಲಕ್ಕೆ ಒತ್ತಿ ಕಣ್ಣು ಮುಚ್ಚಿ ತೋರಿಸಿದಳು. ಮಲಗಿದೆ, ನಿನ್ನದರ ಹಾಗೆ.