ಮಣ್ಣು ಹುಡುಕಿದ ಕೈ

ಪುಣೆಯ ಪೇಟೆಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಬಟ್ಟೆ ಅಂಗಡಿಗೆ ಅವನು ಹಮಾಲ. ನಮ್ಮ ಬಿಜಾಪುರದ ಕಡೆಯವನೇ, ಊರಿನ ಗರಡಿಯಲ್ಲಿ ಕುಸ್ತಿ ಆಡಿ ಬೆಳೆದವನು. ಬಟ್ಟೆಯ ಗಂಟು ಎತ್ತುವ ಮುಂಚೆ, ಕುಸ್ತಿಗೆ ಇಳಿಯುವವರಂತೆ ಬಗ್ಗಿ, ಬೀದಿಯ ಮಣ್ಣನ್ನು ಅಂಗೈಗೆ ತಿಕ್ಕಿಕೊಳ್ಳುತ್ತಿದ್ದ. ಹೊತ್ತದ್ದು ಸಾಕು ಎಂದರೆ, ಮೈಯಲ್ಲಿ ಕಸುವು ಉಳಿದಿದೆ ಎಂಬಂತೆ, "ಇನ್ನೂ ಅದರೀ" ಎನ್ನುತ್ತಿದ್ದ.

ಒಮ್ಮೆ ಇಂಗ್ಲಿಷರ ದಂಡಿನ ಕ್ಯಾಂಪಿನಲ್ಲಿ ಗೋರಾ ಸಿಪಾಯಿಯೊಬ್ಬನ ಎದುರು ಬಾಕ್ಸಿಂಗಿಗೆ ಇಳಿದ. ಅಂಗಡಿಯವರೆಲ್ಲ ನೋಡಲು ಹೋಗಿದ್ದೆವು. ಈಗ ನೆನೆದರೆ ಆ ಸಂಜೆಗೆ ಸದ್ದೇ ಇಲ್ಲ. ದವಡೆಗೆ ಏಟು ಬಿದ್ದು ಅವನು ಮೆಲ್ಲಗೆ, ಹತ್ತಿಯ ಮೂಟೆಯಂತೆ ಕುಸಿದ. ತೀರ್ಪು ಕೊಡುವ ಪಂಚ ಹತ್ತರವರೆಗೆ ಎಣಿಸತೊಡಗಿದ. ಇವನು ಮೊಣಕಾಲ ಮೇಲೆ ಎದ್ದು ಕೂತ, ಆದರೆ ಪೂರ್ತಿ ಏಳಲಿಲ್ಲ. ನೀರಿನ ತಳದಲ್ಲಿ ಏನೋ ಕಳೆದುಕೊಂಡವನಂತೆ, ಗ್ಲೌಸು ತೊಟ್ಟ ಕೈಯಿಂದ ನೆಲ ಸವರುತ್ತಲೇ ಇದ್ದ. ಎಣಿಕೆ ಮುಗಿಯಿತು.

"ಪೆಟ್ಟಿಗಲ್ಲ, ಅಂಜಿ ಕುಂತಾನ," ಎಂದರು ಮಾಲಕರು, ಮರಳುವ ದಾರಿಯಲ್ಲಿ, ಅವನಿಗೆ ಕೇಳುವಂತೆಯೇ. ಆಮೇಲೆ ಅವನತ್ತಲೇ ತಿರುಗಿದರು: "ಪೇಟಿ ಮಂದಿ ಮುಂದ ನಮ್ಮ ಮಾನಾ ಕಳದ್ಯಲ್ಲೋ!"



ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ನಾನೇ ಕೇಳಿದೆ: "ಯಾಕ ತಮ್ಮಾ, ಏಳಾಕ ಮನಸ್ಸಾಗಲಿಲ್ಲೇನು?"

ಅವನು ತನ್ನ ಅಂಗೈ ನೋಡಿಕೊಂಡ. "ಏಳಾಕಂತನ ಮಣ್ಣ ಹುಡುಕಿದ್ನಿರೀ. ಅಲ್ಲಿ ಕೆಳಗ ಬರೇ ಬಟ್ಟಿ ಹಾಸಿದ್ರು."

ಗಾದಿಯ ಮೇಲೆ ಕೂತಿದ್ದ ಮಾಲಕರಿಗೂ ಅದು ಕೇಳಿಸಿತು. ಅವನು ಬಗ್ಗಿ ಮಣ್ಣು ತಿಕ್ಕಿಕೊಂಡು ಗಂಟಿಗೆ ಕೈ ಹಾಕಿದ.

"ಇವತ್ತ ಸಾಕ ಬಿಡೋ," ಎಂದರು ಮಾಲಕರು ಮೆತ್ತಗೆ. "ಮಾರಿ ಎಲ್ಲಾ ಬಾತದ."

ಬಾತ ದವಡೆಯಿಂದ ಅರ್ಧವೇ ಹೊರಬಂತು ಮಾತು:

"ಇನ್ನೂ ಅದರೀ."